ನಿಮ್ಮೂರ ಸರ್ಕಾರಿ ಶಾಲೆಯಲ್ಲಿ ಮಕ್ಕಳೆಷ್ಟು, ಯಾರ ಮಕ್ಕಳು? ಲೆಕ್ಕ ಓದುವ ದಾರಿ

ಹೆಡ್‌ಮಾಸ್ಟರ್ ಕೋಣೆಯ ಗೋಡೆಗೆ ಒಂದು ಕರಿ ಬೋರ್ಡು ಇರುತ್ತದೆ. ಬಿಳಿ ಬಣ್ಣದಲ್ಲಿ ಗೆರೆ ಎಳೆದು ಖಾನೆ ಮಾಡಿರುತ್ತಾರೆ: ತರಗತಿ, ಗಂಡು, ಹೆಣ್ಣು, ಒಟ್ಟು, ಇಂದಿನ ಹಾಜರಿ. ಒಳಗಿನ ಅಂಕಿಗಳೆಲ್ಲ ಸೀಮೆಸುಣ್ಣದ್ದು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯನಾದ ಮೊದಲ ವರ್ಷ ಪೂರ್ತಿ ನಾನು ಆ ಬೋರ್ಡಿನ ಕೆಳಗೇ ಕುರ್ಚಿ ಹಾಕಿಕೊಂಡು ಚಹಾ ಕುಡಿದೆ. ಒಂದು ದಿನವೂ ತಲೆಯೆತ್ತಿ ಓದಲಿಲ್ಲ. ಎರಡನೇ ವರ್ಷ ಒಬ್ಬ ಟೀಚರನ್ನು ‘ಹೆಚ್ಚುವರಿ’ ಅಂತ ಲೆಕ್ಕ ಹಾಕಿ ಬೇರೆ ಶಾಲೆಗೆ ಕಳಿಸಿದರು. ಪಾಲಕರೆಲ್ಲ ಗೇಟಿನ ಹತ್ತಿರ ಸೇರಿ ಕೂಗಾಡಿದೆವು. ಆಮೇಲೆ ಗೊತ್ತಾಯ್ತು, ಈ ಸುದ್ದಿ ಎರಡು ವರ್ಷದಿಂದ ಬೋರ್ಡಿನ ಮೇಲೇ ಇತ್ತು.

ನಮ್ಮದು ತುಂಗಭದ್ರಾ ಕಾಲುವೆ ಕೆಳಗಿನ ಸಣ್ಣ ಪುರಸಭೆ ಊರು. ಅಕ್ಕಿ ಗಿರಣಿಗಳು, ವಾರದ ಸಂತೆ, ಬೆಳಗಾದರೆ ಓಣಿ ಓಣಿಗೆ ಬರುವ ಹಳದಿ ವ್ಯಾನುಗಳು. ನಿಮ್ಮ ಊರೂ ಹೆಚ್ಚು ಕಡಿಮೆ ಹೀಗೇ ಇದ್ದರೆ ಈ ದಾರಿ ಉಪಯೋಗಕ್ಕೆ ಬರುತ್ತದೆ. ಬೇಕಾದ್ದು ಒಂದು ನೋಟ್‌ಬುಕ್, ಒಂದು ಫೋನು, ಎರಡು ಮೂರು ದಿನದ ಬಿಡುವು.

ಹಂತ 1: ಶಾಲೆ ಯಾವುದು ಅಂತ ಗಟ್ಟಿ ಮಾಡಿಕೊಳ್ಳಿ

ಇದೇನು ಕೇಳುವ ಮಾತೇ ಅನ್ನಬೇಡಿ. ಒಂದೇ ಕಾಂಪೌಂಡಿನಲ್ಲಿ ಕನ್ನಡ ಶಾಲೆ, ಉರ್ದು ಶಾಲೆ, ಪಕ್ಕದಲ್ಲೇ ಹೆಣ್ಣು ಮಕ್ಕಳ ಶಾಲೆ ಇರುವ ಊರುಗಳು ಬೇಕಾದಷ್ಟಿವೆ. ಜನರ ಬಾಯಲ್ಲಿ ಎಲ್ಲವೂ ‘ಸರ್ಕಾರಿ ಶಾಲೆ’ಯೇ. ಲೆಕ್ಕದಲ್ಲಿ ಮಾತ್ರ ಮೂರೂ ಬೇರೆ ಬೇರೆ.

ಪ್ರತಿ ಶಾಲೆಗೂ 11 ಅಂಕಿಯ ಯು-ಡೈಸ್ ಕೋಡ್ ಇರುತ್ತದೆ. ಯು-ಡೈಸ್ ಅಂದರೆ ದೇಶದ ಎಲ್ಲ ಶಾಲೆಗಳ ಲೆಕ್ಕ ಇಡುವ ಕೇಂದ್ರ ಸರ್ಕಾರದ ವ್ಯವಸ್ಥೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರ ಎರಡು ಜಿಲ್ಲೆಗೆ, ಎರಡು ಬ್ಲಾಕ್‌ಗೆ, ಮೂರು ಹಳ್ಳಿ ಅಥವಾ ವಾರ್ಡ್‌ಗೆ, ಕೊನೆಯ ಎರಡು ಶಾಲೆಗೆ. ಸಾಮಾನ್ಯವಾಗಿ ಶಾಲೆಯ ಹೆಸರಿನ ಬೋರ್ಡಿನ ಮೇಲೇ ಬರೆದಿರುತ್ತಾರೆ. ಬರೆದುಕೊಳ್ಳಿ.

ಕಿರಿಯ ಪ್ರಾಥಮಿಕವೋ ಹಿರಿಯ ಪ್ರಾಥಮಿಕವೋ ಅನ್ನುವುದನ್ನೂ ನೋಡಿ. ಕಿರಿಯ ಅಂದರೆ 1ರಿಂದ 5, ಹಿರಿಯ ಅಂದರೆ 1ರಿಂದ 7 ಅಥವಾ 8. ಎಲ್‌ಕೆಜಿ, ಯುಕೆಜಿ ಇದ್ದರೆ ಅದರ ಸಂಖ್ಯೆ ಬೇರೆ ಇಡಿ. ಅದನ್ನು ಸೇರಿಸಿ ‘ನಮ್ಮಲ್ಲಿ ಮಕ್ಕಳು ಜಾಸ್ತಿಯಾದರು’ ಅಂತ ಹೇಳಿಕೊಳ್ಳುವವರಿದ್ದಾರೆ.

ಹಂತ 2: ಅಂಕಿ ಮೂರು ಕಡೆಯಿಂದ ತನ್ನಿ

ಮೊದಲನೆಯದು ಯು-ಡೈಸ್ ಪ್ಲಸ್ ವೆಬ್‌ಸೈಟು. ಅದರಲ್ಲಿ ‘ನೋ ಯುವರ್ ಸ್ಕೂಲ್’ ಅಂತ ಒಂದು ಪುಟವಿದೆ. ಕೋಡ್ ಹಾಕಿದರೆ ಶಾಲೆಯ ರಿಪೋರ್ಟ್ ಕಾರ್ಡ್ ಸಿಗುತ್ತದೆ. ಹಿಂದಿನ ವರ್ಷಗಳದ್ದೂ ಸಿಕ್ಕಷ್ಟು ಇಳಿಸಿಕೊಳ್ಳಿ. ಕನಿಷ್ಠ ಐದು ವರ್ಷದ್ದಿದ್ದರೆ ಮಾತಾಡಲು ಬರುತ್ತದೆ.

ಎರಡನೆಯದು ಶಾಲೆಯ ಸ್ವಂತ ಲೆಕ್ಕ. ದಾಖಲಾತಿ ವಹಿ, ಹಾಜರಿ ಪುಸ್ತಕ, ಸ್ಯಾಟ್ಸ್. ಸ್ಯಾಟ್ಸ್ ನಮ್ಮ ರಾಜ್ಯದ ಸಾಫ್ಟ್‌ವೇರ್. ಮಗು ಸೇರಿದ್ದು, ಟಿಸಿ ತಗೊಂಡಿದ್ದು ಎಲ್ಲ ಅದರಲ್ಲಿ ನಮೂದಾಗುತ್ತದೆ. ಹೆಡ್‌ಮಾಸ್ಟರ್ ಹತ್ತಿರ ತರಗತಿವಾರು ಸಂಖ್ಯೆ ಕೇಳಿ. ಮಕ್ಕಳ ಹೆಸರಿನ ಪಟ್ಟಿ ಕೇಳಬೇಡಿ. ಆಧಾರ್, ಜಾತಿ, ಫೋನ್ ನಂಬರ್ ಇರುವ ಹಾಳೆಯ ಫೋಟೊ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಕೆಲಸವಂತೂ ಬೇಡವೇ ಬೇಡ.

ಮೂರನೆಯದು ಬಿಸಿಯೂಟದ ಪುಸ್ತಕ. ಇದನ್ನು ಯಾರೂ ನೋಡುವುದಿಲ್ಲ, ನನಗೆ ಮಾತ್ರ ಬಹಳ ಇಷ್ಟ. ಮುಂದೆ ಹೇಳುತ್ತೇನೆ.

ತಾರೀಖಿನ ವಿಷಯದಲ್ಲಿ ಎಚ್ಚರವಿರಲಿ. ಯು-ಡೈಸ್ ಲೆಕ್ಕ ಬಹಳ ವರ್ಷದಿಂದ ಸೆಪ್ಟೆಂಬರ್ 30ರ ಸ್ಥಿತಿಯನ್ನು ಹಿಡಿಯುತ್ತ ಬಂದಿದೆ. ಬೋರ್ಡಿನ ಅಂಕಿ ಇವತ್ತಿನದು. ಜೂನ್‌ನ ಅಂಕಿಯನ್ನು ಸೆಪ್ಟೆಂಬರ್‌ನ ಅಂಕಿಗೆ ಹೋಲಿಸಿ ‘ಎಂಟು ಮಕ್ಕಳು ಎಲ್ಲಿ ಹೋದರು’ ಅಂತ ಜಗಳ ತೆಗೆಯಬೇಡಿ. ಇನ್ನೊಂದು ವಿಷಯ: 2022-23ರಿಂದ ಯು-ಡೈಸ್ ಒಬ್ಬೊಬ್ಬ ಮಗುವಿನ ವಿವರವನ್ನೇ ಬೇರೆ ಬೇರೆಯಾಗಿ ಪಡೆಯುತ್ತಿದೆ. ಅದಕ್ಕೂ ಮೊದಲು ಶಾಲೆಯವರು ಒಟ್ಟು ಸಂಖ್ಯೆ ಬರೆದು ಕೊಡುತ್ತಿದ್ದರು. ಹಾಗಾಗಿ ಆ ವರ್ಷದ ಹಿಂದಿನದಕ್ಕೂ ಮುಂದಿನದಕ್ಕೂ ನಡುವೆ ನೋಟ್‌ಬುಕ್‌ನಲ್ಲಿ ಒಂದು ಗೆರೆ ಎಳೆದುಬಿಡಿ. ಆ ಜಾಗದಲ್ಲಿ ಸಂಖ್ಯೆ ದಡಕ್ಕನೆ ಇಳಿದಿದ್ದರೆ ಮಕ್ಕಳು ಬಿಟ್ಟು ಹೋದರು ಅಂತಲೇ ಅಲ್ಲ. ಎರಡು ಕಡೆ ಇದ್ದ ಹೆಸರು ಒಂದು ಕಡೆ ಉಳಿದಿರಬಹುದು.

ಹಂತ 3: ಒಟ್ಟು ಬಿಡಿ, ತರಗತಿ ನೋಡಿ

ಇಲ್ಲೇ ಇರುವುದು ಕಥೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳನ್ನು ಲೆಕ್ಕ ತಿಳಿಸಲು ನಾನೇ ಕಟ್ಟಿದ್ದೇನೆ, ಯಾವ ಶಾಲೆಯದ್ದೂ ಅಲ್ಲ.

1ನೇ ತರಗತಿ – 11
2ನೇ ತರಗತಿ – 14
3ನೇ ತರಗತಿ – 13
4ನೇ ತರಗತಿ – 19
5ನೇ ತರಗತಿ – 20
6ನೇ ತರಗತಿ – 24
7ನೇ ತರಗತಿ – 26
ಒಟ್ಟು – 127

127 ಅಂದರೆ ಪರವಾಗಿಲ್ಲ, ಶಾಲೆ ಚೆನ್ನಾಗೇ ಇದೆ ಅನ್ನಿಸುತ್ತದೆ ಅಲ್ವಾ? ಈಗ ಕೆಳಗಿನಿಂದ ಮೇಲಕ್ಕೆ ಓದಿ. ಮುಂದಿನ ಜೂನ್‌ಗೆ 7ನೇ ತರಗತಿಯ 26 ಮಕ್ಕಳು ಹೈಸ್ಕೂಲ್ ಕಡೆ ಹೋಗುತ್ತಾರೆ. ಹೊಸದಾಗಿ ಈ ಸಲದ ಹಾಗೇ 11 ಬಂದರೆ ಒಟ್ಟು 112. ಅದರ ಮುಂದಿನ ವರ್ಷ 24 ಹೋಗಿ 11 ಬಂದರೆ 99. ಯಾರೂ ಶಾಲೆ ಬಿಡಲಿಲ್ಲ, ಯಾರೂ ಟಿಸಿ ಕೇಳಲಿಲ್ಲ. ಆದರೂ ಎರಡೇ ವರ್ಷದಲ್ಲಿ 28 ಮಕ್ಕಳು ಕಡಿಮೆ.

ಇನ್ನು 1ರಿಂದ 5ರವರೆಗೆ ಮಾತ್ರ ಕೂಡಿಸಿ. ಈಗ 77. ಮುಂದಿನ ವರ್ಷ 68. ಆಮೇಲೆ ಸರಿಯಾಗಿ 60. ಈ 60 ಅನ್ನುವ ಅಂಕಿಯ ಸುತ್ತ ಒಂದು ಕೆಂಪು ಗೆರೆ ಹಾಕಿ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 1ರಿಂದ 5ನೇ ತರಗತಿಗೆ ಶಿಕ್ಷಕರ ಕನಿಷ್ಠ ಲೆಕ್ಕ ಹೀಗಿದೆ: 60 ಮಕ್ಕಳವರೆಗೆ 2 ಶಿಕ್ಷಕರು, 61ರಿಂದ 90ಕ್ಕೆ 3, 91ರಿಂದ 120ಕ್ಕೆ 4, 121ರಿಂದ 200ಕ್ಕೆ 5. ಅಂದರೆ 61 ಮಕ್ಕಳಿದ್ದರೆ ಮೂವರು, 60 ಇದ್ದರೆ ಇಬ್ಬರು. ಒಂದು ಮಗು, ಒಬ್ಬ ಟೀಚರ್. ಹೆಚ್ಚುವರಿ ಶಿಕ್ಷಕರನ್ನು ಬೇರೆ ಶಾಲೆಗೆ ಕಳಿಸುವ ಮರುಹೊಂದಾಣಿಕೆಗೆ ಇಲಾಖೆ ತನ್ನದೇ ಆದೇಶ ಹೊರಡಿಸುತ್ತದೆ ನಿಜ. ಆದರೆ ಮಾತು ಶುರುವಾಗುವುದು ಇಂಥ ಗಡಿಗಳ ಹತ್ತಿರವೇ.

6ನೇ ತರಗತಿಯಿಂದ ಮೇಲೆ ಲೆಕ್ಕ ಬೇರೆ. ತರಗತಿಗೆ ಒಬ್ಬರಾದರೂ ಇರಬೇಕು. ವಿಜ್ಞಾನ-ಗಣಿತ, ಸಮಾಜ, ಭಾಷೆ ಮೂರಕ್ಕೂ ಜನ ಇರಬೇಕು. 35 ಮಕ್ಕಳಿಗೆ ಒಬ್ಬರಂತೆ ಬರಬೇಕು. ಅದಕ್ಕೇ ಇಡೀ ಶಾಲೆಯ ಮಕ್ಕಳನ್ನು ಇಡೀ ಶಾಲೆಯ ಶಿಕ್ಷಕರಿಂದ ಭಾಗಿಸಿ ಬರುವ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಆಡುತ್ತ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ 1, 2, 3ನೇ ತರಗತಿ ಒಂದೇ ಕೋಣೆಯಲ್ಲಿ ಕೂರುತ್ತವೆ ಅನ್ನುವುದೂ ನೆನಪಿರಲಿ. ಕಾಗದದಲ್ಲಿ 11, 14, 13. ಕೋಣೆಯಲ್ಲಿ ಟೀಚರ್ ಮುಂದೆ 38.

ಒಂದನೇ ತರಗತಿಯಲ್ಲಿ 11 ನೋಡಿ ಗಾಬರಿಯಾಗುವ ಮೊದಲು ಇನ್ನೊಂದು ಪ್ರಶ್ನೆ ಕೇಳಿ: ಆ ವರ್ಷ ವಯಸ್ಸಿನ ನಿಯಮ ಏನಿತ್ತು? ಮೊದಲು ನಮ್ಮಲ್ಲಿ 5 ವರ್ಷ 5 ತಿಂಗಳಾದರೆ ಸೇರಿಸಿಕೊಳ್ಳುತ್ತಿದ್ದರು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅಂತ 2022ರಲ್ಲಿ ಆದೇಶವಾಯಿತು. 2025-26ರಲ್ಲಿ ಜಾರಿಯಾಗಬೇಕಿತ್ತು, ಪಾಲಕರ ಒತ್ತಾಯಕ್ಕೆ ಆ ವರ್ಷದ ಮಟ್ಟಿಗೆ ಮತ್ತೆ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಇಂಥ ನಿಯಮ ಬಿಗಿಯಾದ ವರ್ಷ ಏನಾಗುತ್ತದೆ ನೋಡಿ. ಹಿಂದಿನ ಜೂನ್‌ನಲ್ಲಿ 5 ವರ್ಷ 5 ತಿಂಗಳಾದವರೆಲ್ಲ ಸೇರಿಬಿಟ್ಟಿರುತ್ತಾರೆ. ಈ ಜೂನ್‌ಗೆ 6 ತುಂಬಿದವರಲ್ಲಿ ಉಳಿಯುವುದು 6 ವರ್ಷದಿಂದ 6 ವರ್ಷ 5 ತಿಂಗಳ ನಡುವಿನವರು ಮಾತ್ರ. ಹನ್ನೆರಡು ತಿಂಗಳಲ್ಲಿ ಹುಟ್ಟಿದ ಮಕ್ಕಳ ಬದಲು ಐದು ತಿಂಗಳಲ್ಲಿ ಹುಟ್ಟಿದ ಮಕ್ಕಳು. ಅಂಥ ವರ್ಷ ತರಗತಿ ಅರ್ಧಕ್ಕಿಂತ ಕಡಿಮೆಯಾದರೆ ಅದು ಶಾಲೆಯ ತಪ್ಪಲ್ಲ. ಆದರೆ ಆ ಸಣ್ಣ ಬ್ಯಾಚು ಏಳು ವರ್ಷ ಶಾಲೆಯೊಳಗೆ ಹಾಗೇ ಸರಿಯುತ್ತ ಹೋಗುತ್ತದೆ. ಸಭೆಯಲ್ಲಿ ಇದನ್ನು ಯಾರಾದರೂ ನೆನಪಿಸಬೇಕಾಗುತ್ತದೆ.

ಮೇಲಿನ ತರಗತಿಗಳು ದಪ್ಪವಾಗಿರುವುದಕ್ಕೂ ಕೆಲವು ಕಡೆ ಹೊರಗಿನ ಕಾರಣವಿದೆ. ಕೊರೊನಾ ಕಾಲದಲ್ಲಿ ಫೀಸು ಕಟ್ಟಲಾಗದೆ ಬಹಳ ಜನ ಮಕ್ಕಳನ್ನು ಸರ್ಕಾರಿ ಶಾಲೆಗೆ ತಂದರು. ಹಳ್ಳಿ ಮಕ್ಕಳ ಓದು-ಬರಹ ಅಳೆಯುವ ಅಸರ್ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಾಡಿನಲ್ಲಿ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ 65.6, 2022ರಲ್ಲಿ ಶೇ 72.9, 2024ಕ್ಕೆ ಮತ್ತೆ ಶೇ 66.8. ಬಂದವರು ಬಂದರು, ಹೋದವರು ಹೋದರು. ನಿಮ್ಮ ಶಾಲೆಯ ಐದು ವರ್ಷದ ಸಾಲಿನಲ್ಲಿ ಈ ಉಬ್ಬು ಕಾಣುತ್ತದೆಯೇ ನೋಡಿ.

ಹಂತ 4: ಗಂಡೆಷ್ಟು, ಹೆಣ್ಣೆಷ್ಟು

ಅದೇ ಉದಾಹರಣೆಯಲ್ಲಿ ಹೆಣ್ಣು ಮಕ್ಕಳು 74, ಗಂಡು ಮಕ್ಕಳು 53 ಅಂತಿಟ್ಟುಕೊಳ್ಳಿ. ಇದನ್ನು ನೋಡಿ ಒಬ್ಬ ಅಧಿಕಾರಿ ವೇದಿಕೆ ಮೇಲೆ ‘ಹೆಣ್ಣು ಮಕ್ಕಳ ಶಿಕ್ಷಣಕ್ಕೆ ಎಂಥ ಪ್ರೋತ್ಸಾಹ’ ಅಂತ ಹೊಗಳಬಹುದು. ನೀವು ಹೊಗಳುವ ಮೊದಲು ಕೈಬೆರಳು ಮಡಚಿ ಲೆಕ್ಕ ಹಾಕಿ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ 6 ವರ್ಷದೊಳಗಿನ 1000 ಗಂಡು ಮಕ್ಕಳಿಗೆ 948 ಹೆಣ್ಣು ಮಕ್ಕಳು. ಆ ಪ್ರಮಾಣ ಹಿಡಿದರೆ 127ರಲ್ಲಿ ಹೆಣ್ಣು ಮಕ್ಕಳು ಸುಮಾರು 62 ಇರಬೇಕು. ಇಲ್ಲಿ 12 ಜಾಸ್ತಿ. ಊರಿನಲ್ಲಿ ಹೆಣ್ಣು ಮಕ್ಕಳು ಜಾಸ್ತಿ ಹುಟ್ಟಿಲ್ಲ. ಹಾಗಾದರೆ ಗಂಡು ಮಕ್ಕಳು ಎಲ್ಲಿ?

ಹಳದಿ ವ್ಯಾನಿನಲ್ಲಿ. ನಾನು ಈ ಪ್ರಶ್ನೆ ಹಿಡಿದು ನಮ್ಮ ಓಣಿಯಲ್ಲೇ ಒಬ್ಬ ತಾಯಿಯನ್ನು ಕೇಳಿದ್ದೆ. ಬೀಡಿ ಕಟ್ಟುತ್ತಿದ್ದ ಕೈ ನಿಲ್ಲಿಸದೆ ಹೇಳಿದರು: “ಅಂವಾ ಗಂಡ್‌ ಹುಡುಗ ಅಲ್ರಿ, ಇಂಗ್ಲಿಷ್ ಶಾಲಿಗೆ ಹಾಕೇವ್ರಿ. ಇಬ್ಬರಿಗೂ ಫೀಸ್ ಕಟ್ಟಾಕ ಎಲ್ಲಿಂದ ತರೂದ್ರಿ? ಅಕಿ ಇಲ್ಲೇ ಓದ್ಲಿ.” ಅಕ್ಕ ಸರ್ಕಾರಿ ಶಾಲೆಗೆ ನಡೆದು ಹೋಗುತ್ತಾಳೆ, ತಮ್ಮ ವ್ಯಾನ್ ಹತ್ತುತ್ತಾನೆ. ಅಕ್ಕನೇ ಅವನ ಬ್ಯಾಗು ಹಿಡಿದು ವ್ಯಾನಿನವರೆಗೆ ಬಿಟ್ಟು ಬರುತ್ತಾಳೆ.

ಆದರೂ ಎರಡು ವಿಷಯ ಪರೀಕ್ಷಿಸದೆ ತೀರ್ಪು ಕೊಡಬೇಡಿ. ಪಕ್ಕದಲ್ಲಿ ಹೆಣ್ಣು ಮಕ್ಕಳದ್ದೇ ಶಾಲೆ ಇದ್ದರೆ ನಿಮ್ಮ ಶಾಲೆಯಲ್ಲಿ ಗಂಡು ಮಕ್ಕಳು ಜಾಸ್ತಿ ಕಾಣುತ್ತಾರೆ, ಅದು ಸಹಜ. ಮತ್ತೆ, ಒಂದು ತರಗತಿಯನ್ನು ಮಾತ್ರ ನೋಡಿ ಏನೂ ಹೇಳಬಾರದು. 11 ಮಕ್ಕಳಲ್ಲಿ 7 ಹುಡುಗಿಯರಿದ್ದರೆ ಅದು ಸುಮ್ನೆ ಆಕಸ್ಮಿಕ. ಏಳು ತರಗತಿಯಲ್ಲಿ ಆರರಲ್ಲಿ ಹಾಗೇ ಇದ್ದರೆ, ಮೂರು ವರ್ಷ ಹಾಗೇ ಇದ್ದರೆ, ಆಗ ಆಕಸ್ಮಿಕ ಅಲ್ಲ.

ಹಂತ 5: ಜಾತಿ, ಧರ್ಮ, ಭಾಷೆಯ ಖಾನೆಗಳು

ಇಲ್ಲಿ ತಪ್ಪು ಮಾಡದವರೇ ಇಲ್ಲ. ಯು-ಡೈಸ್‌ನಲ್ಲಿ ಸಾಮಾಜಿಕ ವರ್ಗ ನಾಲ್ಕು: ಸಾಮಾನ್ಯ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರ ಹಿಂದುಳಿದ ವರ್ಗ. ನಮ್ಮ ರಾಜ್ಯದ ಪ್ರವರ್ಗ-1, 2ಎ, 3ಬಿ ಇಂಥವೆಲ್ಲ ಅಲ್ಲಿ ಬಿಡಿಬಿಡಿಯಾಗಿ ಕಾಣುವುದಿಲ್ಲ. ಅಲ್ಪಸಂಖ್ಯಾತರ ಲೆಕ್ಕ ಬೇರೆ ಕೋಷ್ಟಕ. ಉದಾಹರಣೆಗೆ ಪ.ಜಾ. 38, ಪ.ಪಂ. 21, ಹಿಂದುಳಿದ ವರ್ಗ 61, ಸಾಮಾನ್ಯ 7. ಕೂಡಿಸಿದರೆ 127. ಅದರ ಕೆಳಗೆ ಮುಸ್ಲಿಂ 29 ಅಂತ ಇರುತ್ತದೆ. ಆ 29 ಮಕ್ಕಳು ಈಗಾಗಲೇ ಮೇಲಿನ 127ರೊಳಗೇ ಇದ್ದಾರೆ. ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಇಂಥದೇ ಎರಡು ಕೋಷ್ಟಕ ಕೂಡಿಸಿ, ಇಲ್ಲದ ಮಕ್ಕಳ ಹೆಸರಲ್ಲಿ ಅಕ್ಕಿ ಎತ್ತುತ್ತಿದ್ದಾರೆ ಅಂತ ಎದ್ದು ನಿಂತಿದ್ದರು. ಸಮಾಧಾನ ಮಾಡುವಷ್ಟರಲ್ಲಿ ಸಾಕು ಸಾಕಾಯಿತು.

ಈ ಲೆಕ್ಕದಿಂದ ಏನು ಉಪಯೋಗ? ಸ್ಕಾಲರ್‌ಶಿಪ್. ಪ.ಜಾ., ಪ.ಪಂ. ಮಕ್ಕಳ ಸಂಖ್ಯೆಯನ್ನು ಸ್ಕಾಲರ್‌ಶಿಪ್ ಬಂದ ಮಕ್ಕಳ ಸಂಖ್ಯೆಯ ಪಕ್ಕದಲ್ಲಿಡಿ. ನಡುವೆ ದೊಡ್ಡ ಅಂತರವಿದ್ದರೆ ಕಾರಣ ಬಹಳ ಸಲ ಸಣ್ಣದೇ ಇರುತ್ತದೆ: ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಲ್ಲ, ಆಧಾರ್‌ನಲ್ಲಿ ಹೆಸರಿನ ಕಾಗುಣಿತ ಬೇರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿಲ್ಲ. ಒಂದು ಶನಿವಾರ ಪಾಲಕರನ್ನು ಕರೆಸಿ ಕೂತರೆ ಅರ್ಧ ಬಗೆಹರಿಯುತ್ತದೆ.

ಮಾತೃಭಾಷೆಯ ಖಾನೆಯನ್ನು ಮಾತ್ರ ತಾಳ್ಮೆಯಿಂದ ನೋಡಿ. ಶಾಲೆಯ ಮಾಧ್ಯಮ ಕನ್ನಡ. ಮಕ್ಕಳ ಮನೆ ಮಾತು ತಾಂಡಾದ ಲಂಬಾಣಿ ಇರಬಹುದು, ಉರ್ದು, ತೆಲುಗು ಇರಬಹುದು, ಗಿರಣಿ ಕೆಲಸಕ್ಕೆ ಬಂದ ಬಿಹಾರದವರ ಮನೆಯ ಹಿಂದಿ ಇರಬಹುದು. ತುಂಬುವವರು ಬೇಗ ಮುಗಿಯಲಿ ಅಂತ ಎಲ್ಲರಿಗೂ ‘ಕನ್ನಡ’ ಅಂತ ಹಾಕಿದ್ದರೆ ಕಾಗದ ನೋಡಲು ಚಂದ, ಒಂದನೇ ತರಗತಿ ಟೀಚರ್ ಕಷ್ಟ ಯಾರಿಗೂ ಕಾಣುವುದಿಲ್ಲ.

ಅಂಗವಿಕಲ ಮಕ್ಕಳ ಖಾನೆಯಲ್ಲಿ ಒಂದು ಸೂಕ್ಷ್ಮ. ತೀವ್ರ ಸಮಸ್ಯೆಯಿರುವ ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡುವ ಗೃಹಾಧಾರಿತ ಶಿಕ್ಷಣ ಇದೆ. ಅವರ ಹೆಸರು ಶಾಲೆಯಲ್ಲಿರುತ್ತದೆ, ಅವರು ಕಾಣುವುದಿಲ್ಲ. ಅದನ್ನು ಸುಳ್ಳು ದಾಖಲಾತಿ ಅನ್ನಬೇಡಿ. ಮನೆಗೆ ಶಿಕ್ಷಕರು ನಿಜವಾಗಿ ಹೋಗುತ್ತಾರೆಯೇ ಅಂತ ಕೇಳಿ, ಅದು ಸರಿಯಾದ ಪ್ರಶ್ನೆ.

ಹಂತ 6: ಹೆಸರಿದ್ದವರೆಲ್ಲ ಬರುತ್ತಾರೆಯೇ?

ಈಗ ಬಿಸಿಯೂಟದ ಪುಸ್ತಕ ತೆಗೆಯಿರಿ. ಅಕ್ಕಿಯ ಅಳತೆ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, 6ರಿಂದ 8ಕ್ಕೆ 150 ಗ್ರಾಂ. ನಮ್ಮ ಉದಾಹರಣೆಯಲ್ಲಿ ಎಲ್ಲರೂ ಬಂದ ದಿನ 77 ಮಕ್ಕಳಿಗೆ 7.7 ಕಿಲೋ, 50 ಮಕ್ಕಳಿಗೆ 7.5 ಕಿಲೋ, ಒಟ್ಟು 15.2 ಕಿಲೋ. ತಿಂಗಳಿಗೆ ನಾಲ್ಕು ದಿನ ಆರಿಸಿ: ಒಂದು ಸೋಮವಾರ, ಸಂತೆಯ ದಿನ, ಹಬ್ಬದ ಮರುದಿನ, ಒಂದು ಮಾಮೂಲಿ ದಿನ. ಪುಸ್ತಕದಲ್ಲಿ ಎಷ್ಟು ಅಕ್ಕಿ ತೆಗೆದಿದ್ದಾರೆ, ಎಷ್ಟು ಮಕ್ಕಳು ಉಂಡರು ಅಂತ ಬರೆದಿದೆ, ಹಾಜರಿ ಪುಸ್ತಕದಲ್ಲಿ ಎಷ್ಟಿದೆ? ಮೂರನ್ನೂ ಪಕ್ಕ ಪಕ್ಕ ಬರೆಯಿರಿ.

ಕೆಲವು ಮಕ್ಕಳು ಮನೆಗೆ ಹೋಗಿ ಉಣ್ಣುತ್ತಾರೆ, ಹಾಗಾಗಿ ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಅಡುಗೆಯವರನ್ನು ಕಳ್ಳರಂತೆ ಪ್ರಶ್ನಿಸಬೇಡಿ. ಯಾವ ಮಗು ಯಾವಾಗಿಂದ ಬರುತ್ತಿಲ್ಲ ಅನ್ನುವುದು ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೇ.

ನಮ್ಮ ಕಡೆ ದೀಪಾವಳಿ ಆದ ಮೇಲೆ ಹಾಜರಿ ಇಳಿಯುತ್ತದೆ. ಮಳೆಯಾಶ್ರಿತ ಹೊಲದವರು ಗುಳೆ ಹೋಗುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಕಬ್ಬು ಕಡಿಯಲಿಕ್ಕೋ. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟವರ ಕಥೆ ಬೇರೆ, ಕರೆದುಕೊಂಡು ಹೋದವರ ಕಥೆ ಬೇರೆ. ದಾಖಲಾತಿ ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ. ಅದಕ್ಕೇ ಸೆಪ್ಟೆಂಬರ್ ಮತ್ತು ಫೆಬ್ರುವರಿ ಎರಡೂ ತಿಂಗಳ ಹಾಜರಿ ಬೇಕು.

ಹಂತ 7: ಗೇಟಿನ ಹೊರಗೆ ಎಷ್ಟು ಮಕ್ಕಳಿದ್ದಾರೆ?

ಮುಂದಿನ ಮೂರು ವರ್ಷದ ಒಂದನೇ ತರಗತಿ ಈಗ ಅಂಗನವಾಡಿಯಲ್ಲಿ ಕೂತಿದೆ. ನಿಮ್ಮ ವಾರ್ಡಿನ ಅಂಗನವಾಡಿ ಟೀಚರ್ ಹತ್ತಿರ 3, 4, 5 ವರ್ಷದ ಮಕ್ಕಳ ಸಂಖ್ಯೆ ಕೇಳಿ. ಕೇಂದ್ರಕ್ಕೆ ಬರುವವರಷ್ಟೇ ಅಲ್ಲ, ಸರ್ವೆಯಲ್ಲಿರುವವರು. ಮಕ್ಕಳು ಹುಟ್ಟುವುದೇ ಕಡಿಮೆಯಾಗಿದೆ ಅನ್ನುವುದನ್ನು ಮರೆಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ 1.7. ಒಬ್ಬ ಹೆಣ್ಣಿಗೆ ಸರಾಸರಿ ಅಷ್ಟು ಮಕ್ಕಳು. ಅಂದರೆ ಎಲ್ಲರೂ ಸರ್ಕಾರಿ ಶಾಲೆಗೇ ಬಂದರೂ ನಮ್ಮ ಕಾಲದಷ್ಟು ಮಕ್ಕಳು ಬರುವುದಿಲ್ಲ. ಪ್ರೈವೇಟ್ ಶಾಲೆಯವರನ್ನು ಬೈಯುವ ಮೊದಲು ಇದನ್ನು ಕಳೆಯಬೇಕು.

ಪ್ರೈವೇಟ್ ಶಾಲೆಯ ಆರ್‌ಟಿಇ ಸೀಟಿನ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯಡಿ ಬಡ ಮಕ್ಕಳಿಗೆ ಮೀಸಲಿಟ್ಟ ಶೇ 25ರ ಸೀಟಿನ ಮಾತೂ ಬರುತ್ತದೆ. 2019ರಿಂದ ನಮ್ಮ ರಾಜ್ಯದಲ್ಲಿ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಶೇ 25ರ ಸೀಟು ಸಿಗುವುದಿಲ್ಲ. ಹಾಗಾಗಿ ಈಚೆಗೆ ಇಳಿದಿರುವ ಸಂಖ್ಯೆಗೆ ಅದೇ ಕಾರಣ ಅಂತ ಹೇಳಿದರೆ ಲೆಕ್ಕ ಕೂಡುವುದಿಲ್ಲ.

ಎಲ್ಲೂ ಸೇರದ ಮಕ್ಕಳನ್ನೂ ಹುಡುಕಿ. ಗಿರಣಿ ಲೈನು, ಇಟ್ಟಿಗೆ ಭಟ್ಟಿ, ಬಸ್ ಸ್ಟ್ಯಾಂಡ್ ಹಿಂದಿನ ಜೋಪಡಿ. ‘ಟಿಸಿ ಇಲ್ಲ’, ‘ಹುಟ್ಟಿದ ದಾಖಲೆ ಇಲ್ಲ’, ‘ಜೂನ್ ಮುಗಿಯಿತು’ ಅನ್ನುವ ಮೂರು ಮಾತು ಕೇಳಿ ಬರುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮೂರಕ್ಕೂ ಉತ್ತರವಿದೆ. ಟಿಸಿ ತಡವಾಯಿತು ಅಂತ ಪ್ರವೇಶ ತಡೆಯುವಂತಿಲ್ಲ (ಸೆಕ್ಷನ್ 5), ವಯಸ್ಸಿನ ದಾಖಲೆ ಇಲ್ಲ ಅಂತ ನಿರಾಕರಿಸುವಂತಿಲ್ಲ (ಸೆಕ್ಷನ್ 14), ಅವಧಿ ಮುಗಿದ ಮೇಲೂ ಬಂದ ಮಗುವನ್ನು ವಾಪಸ್ ಕಳಿಸುವಂತಿಲ್ಲ (ಸೆಕ್ಷನ್ 15). ಹತ್ತು ವರ್ಷದ ಮಗುವನ್ನು ಒಂದನೇ ತರಗತಿಯಲ್ಲಿ ಕೂರಿಸಬೇಕಿಲ್ಲ, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬಹುದು (ಸೆಕ್ಷನ್ 4). ಸೆಕ್ಷನ್ ನಂಬರ್ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಜೇಬಿನಲ್ಲಿ ಚೀಟಿ ಇದ್ದರೆ ದನಿ ಏರಿಸಬೇಕಾಗುವುದಿಲ್ಲ.

ಹಂತ 8: ಒಂದೇ ಹಾಳೆ ಮಾಡಿ, ಸಭೆಗೆ ಇಡಿ

ಎಡಗಡೆ ಐದು ವರ್ಷದ ತರಗತಿವಾರು ಸಂಖ್ಯೆ. ಬಲಗಡೆ ಗಂಡು-ಹೆಣ್ಣು. ಕೆಳಗೆ ಮುಂದಿನ ಎರಡು ವರ್ಷದ ಅಂದಾಜು ಮತ್ತು ಶಿಕ್ಷಕರ ಗಡಿ. ಇಷ್ಟು ಸಾಕು. ಎಸ್‌ಡಿಎಂಸಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಆದ್ದರಿಂದ ಅಂಕಿಗಳನ್ನು ಜೋರಾಗಿ ಓದಿ ಹೇಳಿ, ಓದು ಬರದವರೂ ಅಲ್ಲಿರುತ್ತಾರೆ. ಆ ತಾಯಂದಿರಿಗೆ ಶೇಕಡಾವಾರು ಬೇಡ. ‘ಇನ್ನೆರಡು ವರ್ಷಕ್ಕೆ ಒಬ್ಬ ಟೀಚರ್ ಹೋಗಬಹುದು’ ಅಂದರೆ ತಕ್ಷಣ ಅರ್ಥವಾಗುತ್ತದೆ.

ಶಾಲೆಯಲ್ಲಿ ಅಂಕಿ ಸಿಗದಿದ್ದರೆ ಮೊದಲು ಸಿಆರ್‌ಪಿಯನ್ನು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಕೇಳಿ, ಆಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿ. ಅಲ್ಲೂ ಆಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಅನ್ನುವ ನಿಯಮವಿದೆ. ನಾನು ಮೊದಲ ಸಲ ನಾಲ್ಕು ಪುಟ ಬರೆದು ಶಾಲೆಯ ಇತಿಹಾಸವನ್ನೆಲ್ಲ ಹೇಳಿದ್ದೆ, ಹಾಗೇ ವಾಪಸ್ ಬಂತು. ‘ಇಂಥ ಯು-ಡೈಸ್ ಕೋಡಿನ ಶಾಲೆಯ ಇಂಥ ಐದು ವರ್ಷಗಳ ತರಗತಿವಾರು, ಲಿಂಗವಾರು ದಾಖಲಾತಿ ಸಂಖ್ಯೆ ನೀಡಿ’ ಅಂತ ಒಂದು ಸಾಲು ಬರೆದರೆ ಸಾಕು.

ಸಭೆ ಮುಗಿದ ಮೇಲೆ ಹಾಳೆಯ ಒಂದು ಪ್ರತಿಯನ್ನು ನಡಾವಳಿ ಪುಸ್ತಕಕ್ಕೆ ಅಂಟಿಸಿ, ಹೆಡ್‌ಮಾಸ್ಟರ್ ಸಹಿ ಹಾಕಿಸಿ, ತಾರೀಖು ಬರೆಯಿರಿ. ಮುಂದಿನ ವರ್ಷವೂ ಸೆಪ್ಟೆಂಬರ್ 30ರ ಅಂಕಿಯನ್ನೇ ಅದರ ಪಕ್ಕ ಬರೆಯಬೇಕು. ಖಾಲಿ ಖಾನೆಯನ್ನು ಈಗಲೇ ಗೆರೆ ಎಳೆದು ಬಿಟ್ಟಿರಿ.